ಟೆಫಲ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ದೇಶ ಆರಿಸಿ

ಪ್ರಶ್ನೆ: ನನಗೆ 23 ವರ್ಷ, ಊರು ಹಾಸನದ ಹತ್ತಿರ. ಇಂಗ್ಲಿಷ್ ಮೇಜರ್ ತೆಗೆದುಕೊಂಡು ಬಿ.ಎ. ಮುಗಿಸಿ ಈಗ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. 120 ಗಂಟೆಯ ಆನ್‌ಲೈನ್ ಟೆಫಲ್ ಕೋರ್ಸ್ (ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಮಾಡಿದರೆ ಥಾಯ್ಲೆಂಡ್, ಜಪಾನ್, ಕೊರಿಯಾ ಎಲ್ಲಿ ಬೇಕಾದರೂ ಇಂಗ್ಲಿಷ್ ಟೀಚರ್ ಆಗಬಹುದು ಎಂಬ ಜಾಹೀರಾತು ನೋಡಿದೆ. ಸೇರಬಹುದಾ?

ಉತ್ತರ: ಈಗಲೇ ಬೇಡ. ಕೋರ್ಸ್ ಕೆಟ್ಟದ್ದು ಅಂತಲ್ಲ. ಆದರೆ ವೀಸಾ ಕೊಡುವವರು ಮೊದಲು ನೋಡುವುದು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ, ಆಮೇಲೆ ಪದವಿ. ಟೆಫಲ್ ಸರ್ಟಿಫಿಕೇಟಿನ ಸರದಿ ಬರುವುದು ಅದೆಲ್ಲ ಆದ ಮೇಲೆ. ಜಾಹೀರಾತಿನವರು ಇದನ್ನು ಹೇಳುವುದಿಲ್ಲ, ಯಾಕೆಂದರೆ ಅವರ ಜಾಹೀರಾತು ಬರೆದಿರುವುದೇ ಅಮೆರಿಕ, ಬ್ರಿಟನ್ನಿನ ಹುಡುಗರನ್ನು ನೋಡಿಕೊಂಡು.

ಕೊರಿಯಾವನ್ನೇ ತಗೊಳ್ಳಿ. ಅಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದಿಂದ ನಮಗೂ ಒಂದು ಸಣ್ಣ ದಾರಿ ಇದೆ, ಆದರೆ ಅದು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವುದಕ್ಕೆ, ಅದಕ್ಕೂ ಪದವಿಯ ಜೊತೆ ಶಿಕ್ಷಕರ ಅರ್ಹತೆ ಬೇಕು. ಬರೀ ಟೆಫಲ್ ಇಟ್ಟುಕೊಂಡು ಹೋದರೆ ಆಗುವುದಿಲ್ಲ.

ಜಪಾನ್‌ದು ಇನ್ನೊಂದು ಕಥೆ. ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ವೀಸಾಗೆ ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಓದಿದ ದಾಖಲೆ ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಏಳನೇ ಕ್ಲಾಸ್ ತನಕ ಕನ್ನಡ ಮಾಧ್ಯಮ, ಹೈಸ್ಕೂಲಿನಿಂದ ಇಂಗ್ಲಿಷ್ ಮಾಧ್ಯಮ ಅಲ್ವಾ? ಪಿಯುಸಿ, ಡಿಗ್ರಿ ಎಲ್ಲ ಸೇರಿಸಿದರೂ ಲೆಕ್ಕ 12ಕ್ಕೆ ಮುಟ್ಟುವುದಿಲ್ಲ. (ಇಲ್ಲಿ ಸರ್ಕಾರಿ ಕೆಲಸದ ಮೀಸಲಾತಿಗೆ ಕನ್ನಡ ಮಾಧ್ಯಮದ ಸರ್ಟಿಫಿಕೇಟ್ ಹಿಡಿದು ಓಡಾಡುತ್ತೇವೆ, ಅಲ್ಲಿ ಅದೇ ಅಡ್ಡಗಾಲು.) ನೀವು ಯಾವ ಮಾಧ್ಯಮ ಅಂತ ಬರೆದಿಲ್ಲ, ಮೊದಲು ಅದನ್ನು ಲೆಕ್ಕ ಹಾಕಿ.

ನಿಮಗೆ ಸರಿಹೊಂದುವುದು ಥಾಯ್ಲೆಂಡ್ ಅನಿಸುತ್ತದೆ. ಭಾರತದವರು, ಫಿಲಿಪೈನ್ಸ್‌ನವರು ಅಲ್ಲಿ ಈಗಾಗಲೇ ತುಂಬಾ ಜನ ಪಾಠ ಮಾಡುತ್ತಿದ್ದಾರೆ. ಪದವಿ ಬೇಕು, ಜೊತೆಗೆ ನಮ್ಮಂಥವರಿಂದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ, ಸಾಮಾನ್ಯವಾಗಿ 600 ಅಥವಾ ಜಾಸ್ತಿ. ಶಾಲೆಯವರು ನಾನ್-ಇಮಿಗ್ರಂಟ್ ಬಿ ಎಂಬ ಕೆಲಸದ ವೀಸಾಗೆ ಕಾಗದ ಕೊಡಬೇಕು, ಆಮೇಲೆ ವರ್ಕ್ ಪರ್ಮಿಟ್. ಸಂಬಳದ ವಿಷಯ ನೇರವಾಗಿ ಹೇಳಿಬಿಡುತ್ತೇನೆ: ಅದೇ ಕ್ಲಾಸಿಗೆ ಅದೇ ಪಾಠ ಮಾಡಿದರೂ ಬಿಳಿಯ ಟೀಚರಿಗಿಂತ ನಿಮಗೆ ಕಡಿಮೆ ಕೊಡುವ ಶಾಲೆಗಳು ಬೇಕಾದಷ್ಟಿವೆ. ನ್ಯಾಯ ಅಲ್ಲ, ಆದರೆ ಗೊತ್ತಿದ್ದು ಹೋಗುವುದು ಒಳ್ಳೆಯದು.

ಹಾಗಾದರೆ ದುಡ್ಡು ಯಾವುದಕ್ಕೆ ಹಾಕಬೇಕು? ನನ್ನ ಕೇಳಿದರೆ ಬಿ.ಎಡ್.ಗೆ. ಎರಡು ವರ್ಷ ಹೋಗುತ್ತದೆ, ನಿಜ. ಆದರೆ ದುಬೈ, ಮಸ್ಕತ್, ದೋಹಾದಲ್ಲಿರುವ ಸಿಬಿಎಸ್‌ಇ ಶಾಲೆಗಳು ಮೊದಲು ಕೇಳುವುದೇ ಅದನ್ನು, ಕೊರಿಯಾದ ದಾರಿಗೂ ಅದು ಬೇಕಾಗುತ್ತದೆ, ಏನೂ ಆಗದಿದ್ದರೆ ಹಾಸನದಲ್ಲೂ ನಡೆಯುತ್ತದೆ. ಅದು ಬೇಡ, ಬೇಗ ಹೋಗಬೇಕು ಅಂದರೆ ಕೇಂಬ್ರಿಡ್ಜ್‌ನ ಸೆಲ್ಟಾ ಎಂಬ ಇಂಗ್ಲಿಷ್ ಶಿಕ್ಷಕರ ಕೋರ್ಸ್ ನೋಡಿ. ಅದೂ 120 ಗಂಟೆಯದ್ದೇ, ಆದರೆ ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು, ಹಿಂದೆ ಕೂತು ಒಬ್ಬರು ತಪ್ಪು ಬರೆದುಕೊಳ್ಳುತ್ತಿರುತ್ತಾರೆ. ಫೀಸ್ ಜಾಸ್ತಿ. ವಿಡಿಯೊ ನೋಡಿ ಕ್ವಿಜ್ ಒತ್ತಿ ಬರುವ ಸರ್ಟಿಫಿಕೇಟಿಗೂ ಇದಕ್ಕೂ ಇರುವ ವ್ಯತ್ಯಾಸ ಶಾಲೆಯವರಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಏಜೆಂಟ್ ಒಬ್ಬರು ಎರಡು ಲಕ್ಷ ಕೇಳುತ್ತಿದ್ದಾರೆ. ಟೂರಿಸ್ಟ್ ವೀಸಾದಲ್ಲಿ ಬ್ಯಾಂಕಾಕ್‌ಗೆ ಹೋಗಿ, ಅಲ್ಲಿ ಶಾಲೆ ಕೊಡಿಸಿ ವೀಸಾ ಬದಲಾಯಿಸುತ್ತೇವೆ ಅನ್ನುತ್ತಾರೆ. ನಂಬಬಹುದಾ?

ಉತ್ತರ: ಬೇಡ. ಸುಮ್ನೆ ಎದ್ದು ಬನ್ನಿ. ವರ್ಕ್ ಪರ್ಮಿಟ್ ಇಲ್ಲದೆ ಪಾಠ ಮಾಡುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ದಂಡ, ಗಡಿಪಾರು ಎಲ್ಲ ನಿಮಗೆ, ಏಜೆಂಟಿಗಲ್ಲ. ವಿದೇಶಕ್ಕೆ ಕೆಲಸಕ್ಕೆ ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು, ಅವರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇರುತ್ತದೆ. ಅಂಥವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕವೇ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಎರಡು ಲಕ್ಷ ಎಲ್ಲಿಂದ ಬಂತು? ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆದುಕೊಂಡು ಹೋಗಿ ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಾಡಿಯಲ್ಲಿ ಸೈಬರ್ ವಂಚನೆಗೆ ಕೂರಿಸಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಶಾಲೆಯ ಹೆಸರು, ಒಪ್ಪಂದದ ಪ್ರತಿ, ಇಲ್ಲಿಂದಲೇ ವೀಸಾ: ಈ ಮೂರೂ ಕೈಗೆ ಬರುವ ತನಕ ಟಿಕೆಟ್ ತಗೋಬೇಡಿ.

ಪ್ರಶ್ನೆ: ಮಾರ್ಕ್ಸ್ ಕಾರ್ಡ್‌ಗೆ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಸರ್ಕಾರ ಹಾಕುವ ಮುದ್ರೆ) ಮಾಡಿಸಬೇಕಂತೆ, ಯಾವಾಗ?

ಉತ್ತರ: ದೇಶ ತೀರ್ಮಾನ ಆದ ಮೇಲೆ. ಜಪಾನ್, ಕೊರಿಯಾಕ್ಕೆ ಅಪೊಸ್ಟಿಲ್ ಸಾಕು, ಕೆಲವು ದೇಶಗಳಿಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಕಾನ್ವೊಕೇಶನ್ ಸರ್ಟಿಫಿಕೇಟ್ ಇನ್ನೂ ತಗೊಂಡಿಲ್ಲದಿದ್ದರೆ ಮಾತ್ರ ಇವತ್ತೇ ಅರ್ಜಿ ಹಾಕಿ, ವಿಶ್ವವಿದ್ಯಾಲಯದಿಂದ ಅದು ಬರುವುದಕ್ಕೇ ತಿಂಗಳುಗಟ್ಟಲೆ ಆಗಬಹುದು. ಪಾಸ್‌ಪೋರ್ಟಿನಲ್ಲೂ ಮಾರ್ಕ್ಸ್ ಕಾರ್ಡಿನಲ್ಲೂ ಇನಿಶಿಯಲ್ ಒಂದೇ ಥರ ಇದೆಯಾ ಅಂತಲೂ ನೋಡಿಕೊಳ್ಳಿ.