ತಿಮಿಂಗಿಲವನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿ

ನಮಸ್ಕಾರ,

ಕಡಲಿನ ಆಹಾರ ಜಾಲದಲ್ಲಿ ಪ್ರಾಥಮಿಕ ಭಕ್ಷಕರನ್ನು, ಅಂದರೆ ಸಸ್ಯ, ಪಾಚಿಗಳನ್ನು ನೇರವಾಗಿ ತಿನ್ನುವ ಜೀವಿಗಳನ್ನು, ಗುರುತಿಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ.

ದೊಡ್ಡ ತಪ್ಪು ಒಂದೇ. ‘ನೀಲಿ ತಿಮಿಂಗಿಲ ಪ್ಲವಕ ತಿನ್ನುತ್ತದೆ, ಆದ್ದರಿಂದ ಅದು ಪ್ರಾಥಮಿಕ ಭಕ್ಷಕ’ ಎಂದು ಬರೆದಿದ್ದೀರಿ. ಪ್ಲವಕ ಅನ್ನುವುದು ಒಂದು ಜೀವಿಯ ಹೆಸರಲ್ಲ. ನೀರಿನ ಸೆಳೆತಕ್ಕೆ ಸಿಕ್ಕಿ ತೇಲಿಕೊಂಡು ಹೋಗುವ ಎಲ್ಲದಕ್ಕೂ ಅದೇ ಹೆಸರು. ಬಿಸಿಲಿನ ಬಲದಿಂದ ಆಹಾರ ತಯಾರಿಸಿಕೊಳ್ಳುವ ಡಯಾಟಮ್‌ ಎಂಬ ಸೂಕ್ಷ್ಮ ಪಾಚಿಗಳು ಅದರಲ್ಲಿವೆ. ಅವನ್ನು ಮೇಯುವ ಕೋಪೆಪಾಡ್, ಕ್ರಿಲ್ ಎಂಬ ಸೀಗಡಿ ಜಾತಿಯ ಸಣ್ಣ ಪ್ರಾಣಿಗಳೂ ಅದರಲ್ಲೇ ಇವೆ. ತಿಮಿಂಗಿಲ ನುಂಗುವುದು ಕ್ರಿಲ್‌ಗಳನ್ನು. ಹುಲ್ಲು ಮೇಯುವ ಜಿಂಕೆಯನ್ನು ತಿಂದ ಹುಲಿ ಸಸ್ಯಾಹಾರಿ ಆಗುವುದಿಲ್ಲ, ಅಲ್ವಾ? ಎಲ್ಲ ಕಡೆ ಸಸ್ಯಪ್ಲವಕ, ಪ್ರಾಣಿಪ್ಲವಕ ಎಂದು ಬಿಡಿಸಿ ಬರೆಯಿರಿ. ಅರ್ಧ ಲೇಖನ ತಾನಾಗಿಯೇ ಸರಿಹೋಗುತ್ತದೆ.

‘ಚಿಕ್ಕವು ಕೆಳಗೆ, ದೊಡ್ಡವು ಮೇಲೆ’ ಎಂಬ ಸಾಲನ್ನೂ ತೆಗೆಯಿರಿ. ಕಡಲಹಸು ಸುಮಾರು 3 ಮೀಟರ್ ಬೆಳೆಯುತ್ತದೆ, ಆದರೂ ಮೇಯುವುದು ಕಡಲ ತಳದ ಹುಲ್ಲನ್ನು. ಕೆಲವೇ ಸೆಂಟಿಮೀಟರ್ ಉದ್ದದ ಬಾಣಹುಳು ಕೋಪೆಪಾಡ್‌ಗಳನ್ನು ಹಿಡಿದು ತಿನ್ನುತ್ತದೆ. ಗಾತ್ರ ನೋಡಿದರೆ ಮೋಸ ಹೋಗುತ್ತೇವೆ, ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕು. ವಿಜ್ಞಾನಿಗಳು ಮಾಡುವುದೂ ಅದನ್ನೇ. ಹೊಟ್ಟೆಯಲ್ಲಿ ಸಿಗುವುದು ಕೊನೆಯ ಊಟ ಮಾತ್ರ. ಅದಕ್ಕೇ ಮಾಂಸದಲ್ಲಿರುವ ಭಾರದ ನೈಟ್ರೋಜನ್, ಅಂದರೆ ನೈಟ್ರೋಜನ್-15 ಎಷ್ಟಿದೆ ಎಂದೂ ಅಳೆಯುತ್ತಾರೆ. ತಿನ್ನಿಸಿಕೊಂಡವರಿಂದ ತಿಂದವರಿಗೆ ಒಂದೊಂದು ಮೆಟ್ಟಿಲು ಹತ್ತಿದಾಗಲೂ ಅದು ಸರಾಸರಿ ಸಾವಿರಕ್ಕೆ 3ರಿಂದ 4ರಷ್ಟು ಏರುತ್ತದೆ. ಈ ವಿಷಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ‘ಗುರುತಿಸುವುದು ಹೇಗೆ’ ಎಂದು ಶೀರ್ಷಿಕೆ ಕೊಟ್ಟ ಮೇಲೆ ಇದು ಬೇಕೇ ಬೇಕು.

ಇನ್ನೊಂದು ಮಾತು. ಎಲ್ಲ ಜೀವಿಗಳನ್ನೂ ಒಂದೊಂದು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟಿದ್ದೀರಿ. ಕಡಲು ಹಾಗಿಲ್ಲ. ಕ್ರಿಲ್ ಮುಖ್ಯವಾಗಿ ಸಸ್ಯಪ್ಲವಕ ತಿನ್ನುತ್ತದೆ, ಸಿಕ್ಕರೆ ಕೋಪೆಪಾಡನ್ನೂ ಬಿಡುವುದಿಲ್ಲ. ಹಸಿರು ಕಡಲಾಮೆ ಮರಿಯಾಗಿದ್ದಾಗ ಸಣ್ಣ ಪ್ರಾಣಿಗಳನ್ನೂ ತಿನ್ನುತ್ತದೆ. ಬೆಳೆದ ಮೇಲೆ ಜಾಸ್ತಿ ಕಡಲ ಹುಲ್ಲು, ಪಾಚಿ. ಒಂದೇ ಪ್ರಾಣಿ ವಯಸ್ಸಿನ ಜೊತೆ ಜಾಗ ಬದಲಿಸುತ್ತದೆ! ಇದನ್ನು ತೊಡಕು ಎಂದು ಮುಚ್ಚಿಡಬೇಡಿ. ಓದುಗರು ಕಣ್ಣರಳಿಸುವುದು ಇಲ್ಲೇ.

ನನಗೆ ನಿಜವಾಗಿಯೂ ಹಿಡಿಸಿದ್ದು ನಾಲ್ಕನೇ ಪುಟದ ಸೀ ಅರ್ಚಿನ್, ಮೈತುಂಬ ಮುಳ್ಳಿರುವ ಆ ಉಂಡೆಯಂಥ ಕಡಲ ಪ್ರಾಣಿ. ಅದು ತನ್ನ ಐದು ಹಲ್ಲುಗಳಿಂದ ಬಂಡೆಯ ಪಾಚಿಯನ್ನು ಕೆರೆಯುವುದನ್ನು ಕಣ್ಣಾರೆ ಕಂಡ ಹಾಗೆ ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಬೆಳದಿಂಗಳು, ಅಲೆಗಳ ಒಂದೂವರೆ ಪುಟ ಸುಮ್ನೆ ಜಾಗ ತಿನ್ನುತ್ತಿದೆ, ತೆಗೆದುಬಿಡಿ.

ಚಿತ್ರದಲ್ಲಿ ಬಾಣಗಳೂ ತಿರುಗುಮುರುಗಾಗಿವೆ. ಬಾಣದ ತುದಿ ತಿನ್ನುವವರ ಕಡೆ ಇರಬೇಕು, ಯಾಕೆಂದರೆ ಶಕ್ತಿ ಹರಿಯುವುದು ಆ ಕಡೆಗೆ. ತಿದ್ದಿ ಕಳಿಸಿ. ಬಂದ ಕೂಡಲೇ ಓದುತ್ತೇನೆ.