ಎತ್ತರದ ಪಿಕಪ್‌ಗೆ ಹಳೆ ಗೂಸ್‌ನೆಕ್ ಕುದುರೆ ಟ್ರೇಲರ್: ಕಪ್ಲರ್ ಇಳಿಸುವ ಮೊದಲು ಇದನ್ನು ನೋಡಿ

ನಿಮ್ಮ ಪ್ರಶ್ನೆ ಓದಿದೆ. ಹೊಸ ಪಿಕಪ್ ಹಳೆಯದಕ್ಕಿಂತ ಎತ್ತರ, ಮೂರು ಕುದುರೆಯ ಗೂಸ್‌ನೆಕ್ ಟ್ರೇಲರ್ (ಉದ್ದ ಕುತ್ತಿಗೆ ಚಾಚಿ ಪಿಕಪ್ ಬಾಡಿಯೊಳಗಿನ ಗುಂಡು, ಅಂದರೆ ಬಾಲ್ ಮೇಲೆ ಕೂರುವ ಬಗೆ) ಕಟ್ಟಿದರೆ ಅದರ ಮೂತಿ 4 ಇಂಚು ಮೇಲೆದ್ದು ನಿಲ್ಲುತ್ತದೆ, ಆ ಬಾಲನ್ನು ಹಿಡಿಯುವ ಕಪ್ಲರ್ ಪೈಪನ್ನು ಎರಡು ತೂತು ಒಳಗೆ ತಳ್ಳಿ ಮಟ್ಟ ಮಾಡಿಬಿಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಇವತ್ತೇ ತಳ್ಳಬೇಡಿ. ಟ್ರೇಲರ್ ಮಟ್ಟವಾಗುತ್ತದೆ ನಿಜ, ಆದರೆ ಕುತ್ತಿಗೆಯೂ ಅಷ್ಟೇ ಕೆಳಗೆ ಬಂದು ಪಿಕಪ್ ಬಾಡಿಯ ಅಂಚಿಗೆ ಹತ್ತಿರವಾಗುತ್ತದೆ.

ಈಗ ಬಾಡಿ ಅಂಚಿಗೂ ಕುತ್ತಿಗೆಯ ತಳಕ್ಕೂ 7 ಇಂಚು ಜಾಗ ಇದೆ ಅಂತ ಬರೆದಿದ್ದೀರಿ. 4 ಇಂಚು ಇಳಿಸಿದರೆ ಉಳಿಯುವುದು ಮೂರೇ. ಕನಿಷ್ಠ 6 ಇಂಚು ಬೇಕು ಅಂತ ಎಲ್ಲರೂ ಹೇಳುವುದು ಸುಮ್ನೆ ಅಲ್ಲ. ಬಾಲ್‌ನಿಂದ ಬಾಡಿಯ ಹಿಂದಿನ ತುದಿಗೆ ಸುಮಾರು 4 ಅಡಿ ಇರುತ್ತದೆ ಅಂದುಕೊಳ್ಳಿ. ಪಿಕಪ್‌ಗೂ ಟ್ರೇಲರ್‌ಗೂ ನಡುವೆ ಎಂಟಕ್ಕೊಂದರಷ್ಟು ಓರೆ ಬಂದರೆ ಸಾಕು, ಆ 6 ಇಂಚು ಪೂರ್ತಿ ಮುಗಿದುಹೋಗುತ್ತದೆ. ಹಳ್ಳ ಇಳಿದು ಹತ್ತುವಾಗ, ಗದ್ದೆಯ ಬದು ದಾಟುವಾಗ ಅಷ್ಟು ಓರೆ ದೊಡ್ಡದೇನಲ್ಲ, ಅಲ್ವಾ? ನಾನೂ ಒಮ್ಮೆ ಕಡಿಮೆ ಜಾಗ ಬಿಟ್ಟುಕೊಂಡು ತೋಟದ ಗೇಟಿನ ಹಳ್ಳದಲ್ಲಿ ಬಾಡಿ ಅಂಚನ್ನು ಒಳಕ್ಕೆ ಮಡಚಿಸಿಕೊಂಡೆ. ಒಳಗೆ ಕುದುರೆಗಳಿದ್ದವು. ಆ ಸದ್ದಿಗೆ ಅವು ಒದ್ದಾಡಿದ್ದು ಈಗಲೂ ನೆನಪಿದೆ.

ಹಾಗಂತ ಮೂತಿ ಎತ್ತಿಕೊಂಡೇ ಓಡಿಸುವುದೂ ಸರಿಯಲ್ಲ. ಮೂತಿ ಎದ್ದರೆ ಭಾರ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ನಿಮ್ಮದು ಲೀಫ್ ಸ್ಪ್ರಿಂಗ್ ಆಗಿದ್ದು ಎರಡು ಆಕ್ಸಲ್ ನಡುವೆ ಈಕ್ವಲೈಸರ್ ಇದ್ದರೆ ಅದು ಸ್ವಲ್ಪ ಮಟ್ಟಿಗೆ ಭಾರ ಹಂಚಿಕೊಡುತ್ತದೆ. ಟಾರ್ಷನ್ ಆಕ್ಸಲ್ (ಸ್ಪ್ರಿಂಗ್ ಬದಲು ಒಳಗಿನ ರಬ್ಬರ್ ಮೇಲೆ ಕುಗ್ಗುವ ಬಗೆ) ಆದರೆ ಆ ಅನುಕೂಲ ಇಲ್ಲ, ಪ್ರತಿ ಆಕ್ಸಲ್ ಬೇರೆ ಬೇರೆಯಾಗಿ ಕೆಲಸ ಮಾಡುತ್ತದೆ. ಬಾಲ್‌ನಿಂದ ಚಕ್ರಗಳ ನಡುವಿಗೆ 18 ಅಡಿ, ಆಕ್ಸಲ್‌ಗಳ ನಡುವೆ 34 ಇಂಚು ಇದ್ದರೆ, ಮೂತಿ 4 ಇಂಚು ಎದ್ದಾಗ ಎರಡು ಆಕ್ಸಲ್‌ಗಳ ಎತ್ತರದಲ್ಲಿ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಕೇಳಲು ಚಿಕ್ಕದು, ಆದರೆ ಟಾರ್ಷನ್ ಆಕ್ಸಲ್ ಕುಗ್ಗುವುದೇ ಕೆಲವು ಇಂಚು. ಹಿಂದಿನ ಟೈರ್ ಬಿಸಿಯಾಗುತ್ತದೆ, ಬ್ರೇಕ್ ಒತ್ತಿದಾಗ ಹಗುರಾದ ಮುಂದಿನ ಚಕ್ರ ಮೊದಲು ಕಚ್ಚಿಕೊಳ್ಳುತ್ತದೆ, ಕುದುರೆ ದಾರಿಯುದ್ದಕ್ಕೂ ಹಿಂಗಾಲಿನ ಮೇಲೆ ಭಾರ ಹಾಕಿ ನಿಲ್ಲಬೇಕಾಗುತ್ತದೆ.

ಒಂದು ಸಂಶಯ. ನಿಮ್ಮ 4 ಇಂಚು ಖಾಲಿ ಟ್ರೇಲರ್‌ನ ಅಳತೆಯೇ? ಹಾಗಿದ್ದರೆ ಕುದುರೆ, ಮೇವು, ನೀರು ಎಲ್ಲ ಹಾಕಿ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟ್ರೇಲರ್ ಫ್ರೇಮಿಗೆ ರಸಮಟ್ಟ ಇಟ್ಟು ಮತ್ತೆ ನೋಡಿ. ಗೂಸ್‌ನೆಕ್‌ನಲ್ಲಿ ಟ್ರೇಲರ್ ತೂಕದ 20ರಿಂದ 25 ಶೇಕಡಾ ಪಿಕಪ್ ಮೇಲೆ ಕೂರುತ್ತದೆ, ಹಿಂಭಾಗ ಇಳಿದೇ ಇಳಿಯುತ್ತದೆ. ನಿಮ್ಮ 4 ಇಂಚು ಎರಡೂವರೆ ಆದರೂ ಆಶ್ಚರ್ಯ ಇಲ್ಲ. ಆದರೆ ಬಾಡಿ ಅಂಚಿನ ಜಾಗ ಭಾರ ಹಾಕಿದರೂ ಹೆಚ್ಚೇನೂ ಬದಲಾಗುವುದಿಲ್ಲ, ಯಾಕೆಂದರೆ ಬಾಲ್ ಮತ್ತು ಬಾಡಿ ಒಟ್ಟಿಗೇ ಇಳಿಯುತ್ತವೆ. ಪಿಕಪ್‌ಗೆ ಏರ್‌ಬ್ಯಾಗ್ (ಹಿಂದಿನ ಸ್ಪ್ರಿಂಗ್‌ಗೆ ನೆರವಾಗುವ ಗಾಳಿ ಚೀಲ) ಹಾಕಿ ಅಂತ ಈ ಚರ್ಚೆಯಲ್ಲೇ ಒಬ್ಬರು ಹೇಳಿದ್ದಾರೆ. ಅದು ಹಿಂಭಾಗವನ್ನು ಇನ್ನೂ ಎತ್ತುತ್ತದೆ, ನಿಮಗೆ ಬೇಕಾದದ್ದಕ್ಕೆ ಉಲ್ಟಾ.

ಭಾರ ಹಾಕಿ ನೋಡಿದ ಮೇಲೂ 1 ಇಂಚಿಗಿಂತ ಜಾಸ್ತಿ ಎದ್ದಿದ್ದರೆ ನಾನಾದರೆ ಟ್ರೇಲರನ್ನೇ ಎತ್ತಿಸುತ್ತೇನೆ. ಟಾರ್ಷನ್ ಆದರೆ ಫ್ರೇಮಿಗೂ ಆಕ್ಸಲ್ ಬ್ರಾಕೆಟ್‌ಗೂ ನಡುವೆ ಸ್ಪೇಸರ್ ಕೂರಿಸುತ್ತಾರೆ, 2-3 ಇಂಚು ಸಿಗುತ್ತದೆ. ಲೀಫ್ ಸ್ಪ್ರಿಂಗ್ ಈಗ ಆಕ್ಸಲ್ ಕೆಳಗಿದ್ದರೆ ಅದನ್ನು ಮೇಲಕ್ಕೆ ತರಬಹುದು, ಸಾಮಾನ್ಯವಾಗಿ 4ರಿಂದ 6 ಇಂಚು ಏರುತ್ತದೆ. ಆದರೆ ಆಕ್ಸಲನ್ನೇ ತಿರುಗಿಸಿ ಹಾಕುವವರ ಹತ್ತಿರ ಹೋಗಬೇಡಿ. ಆಕ್ಸಲ್‌ಗೆ ಸಣ್ಣ ಬಾಗು ಇರುತ್ತದೆ, ತಿರುಗಿಸಿದರೆ ಅದು ಉಲ್ಟಾ ಆಗಿ ಟೈರ್ ಒಂದು ಕಡೆ ಸವೆಯುತ್ತದೆ. ಸ್ಪ್ರಿಂಗ್ ಕೂರುವ ಸೀಟನ್ನು ಇನ್ನೊಂದು ಬದಿಗೆ ಹೊಸದಾಗಿ ವೆಲ್ಡ್ ಮಾಡಿಸಬೇಕು, ಅದೂ ಟ್ರೇಲರ್ ಕೆಲಸ ಗೊತ್ತಿರುವವರಿಂದ.

ಎತ್ತಿದರೆ ಕುದುರೆಗೆ ಮೆಟ್ಟಿಲೂ ಎತ್ತರವಾಗುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಹತ್ತುವುದಕ್ಕಿಂತ ಹಿಂದೆ ಹೆಜ್ಜೆ ಇಟ್ಟು ಇಳಿಯುವಾಗ ಕಷ್ಟ, ನೆಲ ಎಲ್ಲಿದೆ ಅಂತ ಅದಕ್ಕೆ ಕಾಣುವುದಿಲ್ಲ. ನಿಮ್ಮ ವಯಸ್ಸಾದ ಹೆಣ್ಣು ಕುದುರೆಗೆ ಕೀಲು ನೋವು ಅಂದಿದ್ದೀರಿ, ಅದಕ್ಕೋಸ್ಕರ ನಾನು ಅಗತ್ಯಕ್ಕಿಂತ ಒಂದು ಇಂಚೂ ಜಾಸ್ತಿ ಎತ್ತಿಸುವುದಿಲ್ಲ. ರಾಂಪ್ ಇದ್ದರೆ ಅದೂ ಕಡಿದಾಗುತ್ತದೆ. ನಾಲ್ಕು ದಿನ ಮನೆಯ ಹತ್ತಿರವೇ ಹತ್ತಿಸಿ ಇಳಿಸಿ ರೂಢಿ ಮಾಡಿಸಿ.

ಕೆಲಸ ಆದ ಮೇಲೆ ಮುಂದಿನ ಜಾಕಿ ಕಾಲು ನೆಲ ಮುಟ್ಟುತ್ತದೆಯೇ, ಸುರಕ್ಷತಾ ಸರಪಳಿ ಮತ್ತು ಬ್ರೇಕ್‌ಅವೇ ಕೇಬಲ್ (ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕಿಸುವ ತಂತಿ) ಉದ್ದ ಸಾಕೇ ನೋಡಿಕೊಳ್ಳಿ. ಆಮೇಲೆ ಖಾಲಿ ಟ್ರೇಲರ್ ಕಟ್ಟಿ ಗೇಟಿನ ಹಳ್ಳದಲ್ಲಿ ನಿಧಾನವಾಗಿ ಓರೆಯಾಗಿ ದಾಟಿಸಿ, ಪಕ್ಕದಲ್ಲಿ ಒಬ್ಬರು ನಿಂತು ಕುತ್ತಿಗೆಯ ತಳವನ್ನೇ ನೋಡುತ್ತಿರಲಿ. ಭಾರ ಹಾಕಿದ ಅಳತೆ ಮತ್ತು ನಿಮ್ಮದು ಯಾವ ಆಕ್ಸಲ್ ಅನ್ನುವುದನ್ನು ಇಲ್ಲೇ ಬರೆಯಿರಿ, ಎಷ್ಟು ಎತ್ತಿಸಬೇಕು ಅಂತ ಲೆಕ್ಕ ಹಾಕೋಣ.