ದೀಪವಿಲ್ಲದ ಊರುಗಳು

ಪಾವಗಡದ ಓದುಗರೊಬ್ಬರ ಪತ್ರ: “ಹೆಬ್ರಿಡೀಸ್ ದ್ವೀಪಗಳ ಪ್ರವಾಸ ಲೇಖನ ಓದಿದೆ. ಮರವಿಲ್ಲ, ಜನವಿಲ್ಲ, ಬರೀ ಬಂಡೆ, ಕುರಿ, ಗಾಳಿ. ಇದಕ್ಕಾಗಿ ಸ್ಕಾಟ್ಲೆಂಡಿಗೆ ಹೋಗಬೇಕೆ? ನಮ್ಮ ತಾಲ್ಲೂಕಿಗೆ ಬನ್ನಿ, ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ.”

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ತುಮಕೂರಿನ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಆ ಲೇಖನವನ್ನು ಮತ್ತೊಮ್ಮೆ ತೆಗೆದು ಓದಿದೆ, ನಗು ನಿಂತಿತು. ‘ನಿರ್ಜನ ಸೌಂದರ್ಯ’ ಎಂಬ ಮಾತು ಅದರಲ್ಲಿ ಮೂರು ಕಡೆ ಇದೆ. ಒಂದನ್ನೂ ನಾನು ಹೊಡೆದುಹಾಕಿರಲಿಲ್ಲ.

ಬಂಡೆಯ ಮಾತು ಮೊದಲು ಮುಗಿಸೋಣ. ಅಲ್ಲಿನ ‘ನೈಸ್’ ಎಂಬ ಶಿಲೆಗೆ 300 ಕೋಟಿ ವರ್ಷದವರೆಗೂ ವಯಸ್ಸಿದೆ, ನಿಮ್ಮ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ. ಹಿರಿತನ ಅವರದು, ಬಿಸಿಲು ನಿಮ್ಮದು. ಇನ್ನು ಜನ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯವರು 26 ಲಕ್ಷ ಚಿಲ್ಲರೆ. ಹೊರ ಹೆಬ್ರಿಡೀಸಿನಲ್ಲಿ 2022ರಲ್ಲಿ ಇದ್ದವರು 26 ಸಾವಿರ. ನೆಲ ಮಾತ್ರ ನಮ್ಮ ಜಿಲ್ಲೆಯ ಕಾಲು ಭಾಗಕ್ಕಿಂತ ಹೆಚ್ಚೇ ಇದೆ.

ನಾನೂ ಒಮ್ಮೆ ಅಲ್ಲಿ ಅಲೆದಿದ್ದೇನೆ. ಎಷ್ಟೋ ಕಡೆ ಒಂದೇ ವಾಹನ ಹಿಡಿಸುವ ರಸ್ತೆ. ಎದುರಿಗೆ ಕಾರು ಬಂದರೆ ಅಂಚಿನಲ್ಲಿ ಬಿಟ್ಟಿರುವ ಜಾಗಕ್ಕೆ ಸರಿದು, ಕೈಯೆತ್ತಿ ಮುಂದೆ ಹೋಗಬೇಕು. ಸ್ಟಾರ್ನೋವೇ ಊರಿಗೆ ಭಾನುವಾರದ ಹಡಗು ಶುರುವಾದದ್ದೇ 2009ರಲ್ಲಿ, ಅದೂ ಭಾನುವಾರ ದೇವರಿಗೆ ಮೀಸಲಾದ ವಿಶ್ರಾಂತಿಯ ದಿನವೆನ್ನುವ ಧರ್ಮಭೀರುಗಳ ವಿರೋಧದ ನಡುವೆ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆಗೆ. ಆ ಇಳಿಬಿಸಿಲು ಅಡ್ಡಲಾಗಿ ಬಿದ್ದಾಗ ಅಲ್ಲಿನ ಹ್ಯಾರಿಸ್ ಸೀಮೆಯ ಗುಡ್ಡದ ಮೈಮೇಲೆ ಬಾಚಣಿಗೆ ಎಳೆದಂತೆ ಸಾಲು ಸಾಲು ಏರಿಗಳು ಕಂಡವು.

ಅವು ಹೊಲಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಜಮೀನುದಾರರು ಪಶ್ಚಿಮ ತೀರದ ಹಸಿರು ನೆಲದಿಂದ ಒಕ್ಕಲುಗಳನ್ನು ಎಬ್ಬಿಸಿ ಕುರಿ ಬಿಟ್ಟರು. ಹಲವರು ಕೆನಡಾದ ಹಡಗು ಹತ್ತಿದರು. ಕೆಲವರು ಪೂರ್ವದ ಬಂಡೆಗಳ ನಡುವೆ ಬಂದು ಬಿದ್ದರು. ಅಲ್ಲಿ ಮಣ್ಣೇ ಸಾಲದು. ಕಡಲಪಾಚಿಯನ್ನು ಬೆನ್ನ ಮೇಲೆ ಹೊತ್ತು ತಂದು, ಇದ್ದ ಮಣ್ಣಿನೊಂದಿಗೆ ಒಟ್ಟಿ ಏರಿ ಕಟ್ಟಿ ಆಲೂಗಡ್ಡೆ ಬೆಳೆದರು. ಹೆಣ ಹೂಳುವಷ್ಟು ಆಳವೂ ಸಿಗದೆ, ಸತ್ತವರನ್ನು ಗುಡ್ಡ ದಾಟಿಸಿ ಪಶ್ಚಿಮ ತೀರಕ್ಕೆ ಹೊತ್ತೊಯ್ಯುತ್ತಿದ್ದರು. ಬದುಕಲು ಕೊಡದ ನೆಲದಲ್ಲಿ ಹೂಳಿಸಿಕೊಳ್ಳಲು ಜಾಗವಿತ್ತು. ಆ ಹೆಣದ ಹಾದಿ ಈಗ ಚಾರಣಿಗರ ದಾರಿ.

ಇನ್ನೂ ಪಶ್ಚಿಮದ ಸೇಂಟ್ ಕಿಲ್ಡಾ ದ್ವೀಪದಲ್ಲಿ ಉಳಿದಿದ್ದವರು 36 ಮಂದಿ. ತಾವೇ ಸರ್ಕಾರಕ್ಕೆ ಅರ್ಜಿ ಕೊಟ್ಟು, 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ಮನೆಗಳಲ್ಲಿ ತೆರೆದ ಬೈಬಲ್ಲನ್ನೂ ಒಂದಿಷ್ಟು ಓಟ್ಸ್ ಧಾನ್ಯವನ್ನೂ ಇಟ್ಟು ಹೋದರು ಎನ್ನುತ್ತಾರೆ.

ನಮ್ಮ ಕಂದಾಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಊರನ್ನು ‘ಬೇಚರಾಕ್ ಗ್ರಾಮ’ ಎಂದು ಬರೆಯುತ್ತಾರಲ್ಲ, ಅದು ಪರ್ಷಿಯನ್ನಿನಿಂದ ಬಂದ ಮಾತು. ದೀಪವಿಲ್ಲದ್ದು ಎಂದು ಅರ್ಥ. ಯಾವ ಗುಮಾಸ್ತ ಮೊದಲು ಬರೆದನೋ, ನಮ್ಮ ಲೇಖಕರಿಗಿಂತ ಚೆನ್ನಾಗಿ ಬರೆದ. ಊರಿಲ್ಲ, ಆದರೂ ಸರ್ವೆ ನಂಬರು ಇದೆ, ಪಹಣಿ ಇದೆ, ಹಾಳು ಗುಡಿಯ ಮುಂದೆ ವರ್ಷಕ್ಕೊಮ್ಮೆ ದೀಪ ಹಚ್ಚಲು ಬರುವವರೂ ಇರುತ್ತಾರೆ.

ನಿಮ್ಮ ಆಹ್ವಾನ ಒಪ್ಪಿದ್ದೇನೆ. ಅಂಥ ಒಂದು ಊರು ನಿಮ್ಮ ಕಡೆ ಇದ್ದರೆ ತೋರಿಸಿ. ಬರೆಯುವವರು ನೀವೇ, ನಾಲ್ಕು ಪುಟ ಕಾದಿರಿಸಿದ್ದೇನೆ. ಬಸ್ ಚಾರ್ಜು ಪತ್ರಿಕೆಯದು.